ಕೆಲಸಗಾರರ ಆರೋಗ್ಯಕ್ಕೆ ಅಂತ ಎಲ್ಲಿಂದ ಶುರು ಮಾಡೋದು?

ಕೊಪ್ಪಳದ ನಿಮ್ಮ ಬಟ್ಟೆ ಕಾರ್ಖಾನೆಯಲ್ಲಿ ಅರವತ್ತು ಜನ ಇದ್ದಾರೆ, ಅವರ ಆರೋಗ್ಯಕ್ಕೆ ಯೋಗ ತರಗತಿ ಇಡೋದಾ, ಹೆಲ್ತ್ ಕ್ಯಾಂಪ್ ಮಾಡಿಸೋದಾ ಅಂತ ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಕೆಲಸಗಾರರ ವಿಷಯ ನೋಡಿಕೊಳ್ಳುತ್ತೇನೆ. ಏನೇ ಸೌಲಭ್ಯ ಕೊಡಿ, ಅದನ್ನು ಬಳಸಿದವರ ಕೂಲಿ ಹೋಗಬಾರದು, ಅವರ ಹೆಸರು ನಾಲ್ಕು ಜನರ ಬಾಯಿಗೆ ಬೀಳಬಾರದು. ಇವೆರಡು ಇಲ್ಲದಿದ್ದರೆ ಯಾರೂ ಹತ್ತಿರ ಬರಲ್ಲ.

ಮೊದಲು ನೀರು ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮೇಲೆ ತಗಡಿನ ಶೀಟು. ನೀರಿನ ಕ್ಯಾನ್ ಪಕ್ಕದಲ್ಲೇ ಇದ್ದರೂ ನಮ್ಮಲ್ಲಿ ಹೆಂಗಸರು ಕುಡಿಯುತ್ತಿರಲಿಲ್ಲ. ಕುಡಿದರೆ ಎದ್ದು ಹೋಗಬೇಕು, ಸೂಪರ್‌ವೈಸರ್‌ನ ಕೇಳಬೇಕು. ಪೀಸ್ ಲೆಕ್ಕದ ಕೆಲಸ, ಎದ್ದಷ್ಟೂ ದುಡ್ಡು ಹೋಗುತ್ತದೆ. ಶೌಚಾಲಯದ ಚಿಲಕವೂ ಸರಿ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಉರಿಮೂತ್ರ, ಒಂದು ಮಾತ್ರೆ ನುಂಗಿ ಮತ್ತೆ ಮಷಿನ್. ಇಂಥವರಿಗೆ ಯೋಗ ಹೇಳಿಕೊಟ್ಟು ಏನು ಬಂತು? ಚಿಲಕ ಹಾಕಿಸಿದೆವು. ಕೇಳಿ ಹೋಗುವ ಪದ್ಧತಿ ತೆಗೆದೆವು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇಡೀ ಲೈನ್ ನಿಲ್ಲಿಸಿ, ಆ ಹೊತ್ತಿಗೂ ಕೂಲಿ ಸೇರಿಸಿದೆವು. ಮಾಲೀಕರನ್ನು ಒಪ್ಪಿಸೋಕೆ ಕಷ್ಟ ಆಗಿದ್ದು ಇದಕ್ಕೇ. ಈಗ ಕ್ಯಾನ್‌ಗಳು ಬೇಗ ಖಾಲಿ ಆಗುತ್ತವೆ.

ಇಎಸ್‌ಐ, ಅಂದರೆ ಕಾರ್ಮಿಕರಿಗೆ ಇರುವ ಸರ್ಕಾರದ ವಿಮೆ, ಅದರ ಕಾರ್ಡ್ ಮಾಡಿಸಿ ಸುಮ್ನೆ ಬಿಡಬೇಡಿ. ವಂತಿಗೆ ಸರಿಯಾಗಿ ಕಟ್ಟಿದ್ದರೆ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ. ಕೂರಿಸಿಕೊಂಡು ಹೇಳಿ.

ಇನ್ನು ಮನಸ್ಸಿನ ವಿಷಯ. ಸಾಲ, ಗಂಡನ ಕುಡಿತ, ರಾತ್ರಿ ನಿದ್ದೆ ಇಲ್ಲ. ಇದನ್ನೆಲ್ಲ ಆಫೀಸಿಗೆ ಬಂದು ಯಾರು ಹೇಳುತ್ತಾರೆ? ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ನೋಟಿಸ್ ಬೋರ್ಡ್‌ಗೆ ಹಾಕಬೇಡಿ, ಎಲ್ಲರ ಮುಂದೆ ನಿಂತು ಯಾರೂ ಬರೆದುಕೊಳ್ಳಲ್ಲ. ಶೌಚಾಲಯದ ಬಾಗಿಲ ಒಳಗಡೆ ಅಂಟಿಸಿ.

ಮನಸ್ಸಿನ ಕಾಯಿಲೆಗೆ ಔಷಧಿ ಬೇಕಾದವರು ಜಿಲ್ಲಾ ಆಸ್ಪತ್ರೆಯಲ್ಲೇ ತೋರಿಸಬಹುದು, ಬೆಂಗಳೂರಿಗೆ ಹೋಗಬೇಕಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸೋದು, ಔಷಧಿ ಕೊಡೋದು ಕಲಿಸಿದ್ದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇದನ್ನು ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ.

ಆಸ್ಪತ್ರೆಗೆ ಹೋಗೋರಿಗೆ ಅರ್ಧ ದಿನ ಸಂಬಳ ಸಹಿತ ರಜೆ ಕೊಡಿ. ರಜೆ ಚೀಟಿಯಲ್ಲಿ ಆಸ್ಪತ್ರೆ ಅಂತಷ್ಟೇ ಇರಲಿ, ಯಾವ ಕಾಯಿಲೆ ಅಂತ ಸೂಪರ್‌ವೈಸರ್ ಕೇಳಕೂಡದು. ಯೋಗ ಬೇಡ ಅನ್ನಲ್ಲ. ಇಡೋದಾದರೆ ಡ್ಯೂಟಿ ಹೊತ್ತಿನಲ್ಲೇ ಇಡಿ, ಆರು ಗಂಟೆ ಮೇಲೆ ಹೆಂಗಸರಿಗೆ ಬಸ್ ಹಿಡಿಯೋ ಅವಸರ ಇರುತ್ತದೆ ಅಲ್ವಾ.