ರೇಷ್ಮೆಗೂಡು ಬೇಯಿಸಿದಾಗ ಅಂಟು ಬಿಡುತ್ತೆ, ಎಳೆ ಮಾತ್ರ ಕರಗಲ್ಲ. ಎರಡೂ ಪ್ರೋಟೀನೇ ಅಲ್ವಾ? ನೈಲಾನಿಗೂ ರೇಷ್ಮೆಗೂ ಏನು ನಂಟು?

ಎರಡೂ ಪ್ರೋಟೀನೇ. ಶಿಡ್ಲಘಟ್ಟದ ರೀಲರ್‌ಗಳು (ಗೂಡಿನಿಂದ ನೂಲು ಬಿಚ್ಚುವವರು) ಬಿಸಿನೀರಿಗೆ ಹಾಕುವ ಗೂಡಿನಲ್ಲಿ ಒಳಗಿನ ಎಳೆ ಫೈಬ್ರಾಯಿನ್, ಮೇಲಿನ ಅಂಟು ಸೆರಿಸಿನ್. ತೂಕದಲ್ಲಿ ಅಂಟಿನದೇ ಸುಮಾರು ಕಾಲು ಭಾಗ! ಎರಡರಲ್ಲೂ ಬಂಧ ಒಂದೇ: ಪ್ರೋಟೀನಿನ ಬಿಡಿ ಕೊಂಡಿಯಾದ ಒಂದು ಅಮೈನೋ ಆಮ್ಲದ ಅಮೈನ್ ಗುಂಪು ಇನ್ನೊಂದರ ಕಾರ್ಬಾಕ್ಸಿಲ್ ಗುಂಪಿಗೆ ಸೇರಿ, ನೀರಿನ ಅಣುವೊಂದು ಹೊರಬಿದ್ದು ಅಮೈಡ್ ಬಂಧ ಆಗುತ್ತೆ. ಹೀಗೇ ಉದ್ದ ಸರಪಳಿ ಬೆಳೆಯುತ್ತೆ.

ವ್ಯತ್ಯಾಸ ಇರೋದು ಪ್ರತಿ ಅಮೈನೋ ಆಮ್ಲದಿಂದ ಸರಪಳಿಯ ಪಕ್ಕಕ್ಕೆ ಚಾಚಿಕೊಂಡ ಗುಂಪುಗಳಲ್ಲಿ. ಫೈಬ್ರಾಯಿನ್‌ನಲ್ಲಿ ಗ್ಲೈಸಿನ್, ಅಲನಿನ್ ಎಂಬ ಅಮೈನೋ ಆಮ್ಲಗಳು ಜಾಸ್ತಿ. ಗ್ಲೈಸಿನ್‌ಗೆ ಪಕ್ಕದಲ್ಲಿ ಬರೀ ಹೈಡ್ರೋಜನ್, ಅಲನಿನ್‌ಗೆ ಪುಟ್ಟ ಮೀಥೈಲ್. ಅಡ್ಡಬರುವಂಥದ್ದು ಏನೂ ಇಲ್ಲದ್ದರಿಂದ ಸರಪಳಿಗಳು ಚಪಾತಿ ಅಡುಕಿದ ಹಾಗೆ ಒತ್ತೊತ್ತಾಗಿ ಕೂತು ಹೈಡ್ರೋಜನ್ ಬಂಧದಿಂದ ಬಿಗಿಯಾಗುತ್ತವೆ. ನೀರು ಸುಲಭವಾಗಿ ಒಳಗೆ ನುಸುಳಲಾರದು. ಸೆರಿಸಿನ್‌ನಲ್ಲಿ ಸೆರೀನ್ ಎಂಬ ಅಮೈನೋ ಆಮ್ಲ ಹೆಚ್ಚು. ಅದರ ಹೈಡ್ರಾಕ್ಸಿಲ್ ಗುಂಪಿಗೆ ನೀರೆಂದರೆ ಇಷ್ಟ, ಅದಕ್ಕೇ ಬಿಸಿಗೆ ಮೆತ್ತಗಾಗಿ ಬಿಡುತ್ತೆ. ಬಣ್ಣ ಹಾಕುವ ಮುಂಚೆ ಉಳಿದ ಅಂಟನ್ನು ಸೋಪು, ಸೋಡಾದಲ್ಲಿ ತೆಗೀತಾರೆ. ಸೋಡಾ ಅತಿಯಾದರೆ ಎಳೆಯ ಅಮೈಡ್ ಬಂಧವೂ ಮುರಿದು ನೂಲು ಸತ್ವ ಕಳೆದುಕೊಳ್ಳುತ್ತೆ.

ನೈಲಾನ್ 6,6 ಕೂಡ ಪಾಲಿಅಮೈಡೇ, ಅಂದರೆ ಅದೇ ಅಮೈಡ್ ಬಂಧಗಳಿಂದ ಆದ ಸರಪಳಿ. 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞ ಕರೋಥರ್ಸ್ ತಂಡ ಮಾಡಿದ್ದು. ಆರು ಕಾರ್ಬನ್‌ನ ಡೈಅಮೈನ್, ಆರು ಕಾರ್ಬನ್‌ನ ಅಡಿಪಿಕ್ ಆಮ್ಲ, ಅಷ್ಟೇ. (ನೈಲಾನ್ 6 ಬೇರೆ: ಕ್ಯಾಪ್ರೊಲ್ಯಾಕ್ಟಮ್ ಎಂಬ ಒಂದೇ ಬಗೆಯ ಅಣುವಿನ ಉಂಗುರ ಬಿಚ್ಚಿಕೊಂಡು ಆಗೋದು. ಪರೀಕ್ಷೆಯಲ್ಲಿ ಇಲ್ಲೇ ಎಡವೋದು.) ಒಂದೊಂದು ಎಳೆ ಸುಟ್ಟು ನೋಡಿ: ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತೆ, ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತೆ.