ಬೀಡಿ, ಸಿಗರೇಟು ಬಿಡಿಸಿದರೆ ಸಾಲದೇ?

ಧೂಮಪಾನ ಕಡಿಮೆಯಾದರೆ ಶ್ವಾಸಕೋಶದ ಕಾಯಿಲೆಗಳೂ ತಾವಾಗಿಯೇ ಇಳಿಯುತ್ತವಲ್ಲ, ಅವುಗಳಿಗೆಂದು ಸರ್ಕಾರ ಪ್ರತ್ಯೇಕವಾಗಿ ಹಣ ಏಕೆ ಇಡಬೇಕು ಎಂದು ಕೇಳಿದ್ದೀರಿ. ತಾಲ್ಲೂಕು ಮಟ್ಟದ ಆಸ್ಪತ್ರೆಯೊಂದರಲ್ಲಿ ಹಲವು ವರ್ಷಗಳಿಂದ ವೈದ್ಯನಾಗಿರುವ ನನ್ನ ಉತ್ತರವೆಂದರೆ, ತಂಬಾಕು ಬಿಡಿಸಲೇಬೇಕು, ಆದರೆ ಅದೊಂದೇ ಸಾಲದು.

2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ಸಿಒಪಿಡಿ ಕಾಯಿಲೆಯವರು ಭಾರತದಲ್ಲಿ 1990ರಲ್ಲಿ 2.81 ಕೋಟಿ ಇದ್ದರೆ, 2016ರ ಹೊತ್ತಿಗೆ 5.53 ಕೋಟಿಯಾಗಿದ್ದರು. ಅಸ್ತಮಾ ಇದ್ದವರು ಬೇರೆಯೇ 3.79 ಕೋಟಿ. ಜಗತ್ತಿನ ಜನಸಂಖ್ಯೆಯಲ್ಲಿ ಶೇ 18ರಷ್ಟಿರುವ ನಮ್ಮ ದೇಶ, ದೀರ್ಘಕಾಲಿಕ ಶ್ವಾಸಕೋಶ ಕಾಯಿಲೆಗಳ ಹೊರೆಯಲ್ಲಿ ಶೇ 32ರಷ್ಟನ್ನು ಹೊತ್ತಿತ್ತು. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಅಂಶವೂ ಅದರಲ್ಲೇ ಇದೆ: ಸಿಒಪಿಡಿಯ ಹೊರೆಯಲ್ಲಿ ತಂಬಾಕಿನ ಪಾಲು ಸುಮಾರು ಶೇ 25 ಮಾತ್ರ, ಮನೆಯೊಳಗಿನ ಮತ್ತು ಹೊರಗಿನ ವಾಯುಮಾಲಿನ್ಯದ ಪಾಲು ಶೇ 53ಕ್ಕೂ ಹೆಚ್ಚು.

ನನ್ನಲ್ಲಿಗೆ ಬರುತ್ತಿದ್ದ ಅರವತ್ತರ ಆಸುಪಾಸಿನ ತಾಯಿಯೊಬ್ಬರು ಜೀವಮಾನದಲ್ಲಿ ಬೀಡಿ ಮುಟ್ಟಿದವರಲ್ಲ. ಮದುವೆಯಾಗಿ ಬಂದ ದಿನದಿಂದ ಕಟ್ಟಿಗೆ ಒಲೆಯ ಮುಂದೆ ಕೂತು ಊದುಗೊಳವೆ ಊದಿದವರು. ಮಳೆಗಾಲ ಬಂದಿತೆಂದರೆ ಹಸಿ ಸೌದೆ, ಮನೆ ತುಂಬ ಹೊಗೆ. ಗ್ಯಾಸ್ ಬಂದ ಮೇಲೂ ಸ್ನಾನದ ನೀರು ಕಾಯುವುದು ಸೌದೆಯಲ್ಲೇ. ದಮ್ಮು ಹೆಚ್ಚಾದಾಗಲೆಲ್ಲ ಒಂದು ಇಂಜೆಕ್ಷನ್, ಒಂದು ಬಾಟಲಿ ಕೆಮ್ಮಿನ ಸಿರಪ್ ಪಡೆದು ಹೋಗುತ್ತಿದ್ದರೇ ಹೊರತು, ಅವರ ಕಾಯಿಲೆಗೆ ಹೆಸರು ಸಿಕ್ಕಿದ್ದು ಅನೇಕ ವರ್ಷಗಳ ನಂತರ, ಜಿಲ್ಲಾ ಕೇಂದ್ರದಲ್ಲಿ ಸ್ಪೈರೋಮೆಟ್ರಿ ಮಾಡಿಸಿದಾಗ.

ಈ ಪರೀಕ್ಷೆ ಬಹಳ ಸರಳ. ಉಸಿರನ್ನು ಪೂರ್ತಿ ಎಳೆದುಕೊಂಡು, ಯಂತ್ರದ ಕೊಳವೆಗೆ ಬಾಯಿಟ್ಟು, ಒಂದೇ ರಭಸದಲ್ಲಿ ಊದಬೇಕು. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಮೊದಲ ಸೆಕೆಂಡಿನಲ್ಲಿ ಬರುವ ಗಾಳಿ ಒಟ್ಟು ಗಾಳಿಯ ಶೇ 70ಕ್ಕಿಂತ ಕಡಿಮೆಯಿದ್ದರೆ, ದಮ್ಮು ಮತ್ತು ಹೊಗೆಯ ಹಿನ್ನೆಲೆ ಇರುವವರಲ್ಲಿ ಅದನ್ನು ಸಿಒಪಿಡಿ ಎಂದು ನಿರ್ಧರಿಸುತ್ತೇವೆ. ಬಿ.ಪಿ. ನೋಡುವಷ್ಟೇ ಸಹಜವಾಗಿ ಇದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಗಬೇಕಿತ್ತು.

ಔಷಧದ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಬೇಸರವಿದೆ. ಇನ್‌ಹೇಲರ್ ಎಂದೊಡನೆ "ಅದು ಅಭ್ಯಾಸವಾಗಿಬಿಡುತ್ತದೆಯಂತೆ, ಮಾತ್ರೆಯೇ ಕೊಡಿ" ಎನ್ನುವವರೇ ಬಹಳ. ಒಪ್ಪಿ ಕೊಂಡವರಿಗೂ ಅದನ್ನು ಬಳಸುವ ಕ್ರಮವನ್ನು ಕೂರಿಸಿ ಕಲಿಸುವವರಿಲ್ಲ. ಆ ತಾಯಿ ಇನ್‌ಹೇಲರ್ ಒತ್ತಿದ ಮರುಕ್ಷಣ ಉಸಿರು ಹೊರಬಿಡುತ್ತಿದ್ದರು. ಔಷಧವೆಲ್ಲ ನಾಲಗೆಯ ಮೇಲೆಯೇ ಉಳಿಯುತ್ತಿತ್ತು. ಇನ್‌ಹೇಲರ್‌ಗೂ ಬಾಯಿಗೂ ನಡುವೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಹಾಕಿ, ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯುವುದನ್ನು ನಮ್ಮ ನರ್ಸ್ ಮೂರು ಭೇಟಿಗಳಲ್ಲಿ ಕಲಿಸಿದ ಮೇಲೆ, ಅವರು ರಾತ್ರಿ ಮಲಗಿ ನಿದ್ದೆ ಮಾಡುವಂತಾದರು.

ಆದ್ದರಿಂದ ಹಣ ಬೇಕು ಎನ್ನುವಾಗ ನಾನು ಮೊದಲು ಕೇಳುವುದು ಇನ್ನೊಂದು ದೊಡ್ಡ ಆಸ್ಪತ್ರೆಯನ್ನಲ್ಲ. ಪ್ರತಿ ತಾಲ್ಲೂಕಿಗೆ ಸ್ಪೈರೋಮೀಟರ್ ಮತ್ತು ಅದನ್ನು ನಡೆಸಬಲ್ಲ ತರಬೇತಾದ ಸಿಬ್ಬಂದಿ, ವರ್ಷದ ಹನ್ನೆರಡೂ ತಿಂಗಳು ಉಚಿತವಾಗಿ ಸಿಗುವ ಇನ್‌ಹೇಲರ್, ರಕ್ತದಲ್ಲಿ ಆಮ್ಲಜನಕ ತೀರ ಇಳಿದವರಿಗೆ ಮನೆಯಲ್ಲಿಡಲು ಗಾಳಿಯಿಂದಲೇ ಆಮ್ಲಜನಕ ಒದಗಿಸುವ ಯಂತ್ರ, ಅಂದರೆ ಆಕ್ಸಿಜನ್ ಕಾನ್ಸನ್‌ಟ್ರೇಟರ್. ಇವುಗಳ ಜೊತೆಗೆ, ಸಿಲಿಂಡರ್ ತುಂಬಿಸಲು ಬಡವರ ಕೈಗೆಟಕುವ ಬೆಲೆ. ಏಕೆಂದರೆ ಗ್ಯಾಸ್ ಮುಗಿದ ದಿನ ಆ ಮನೆಯಲ್ಲಿ ಮತ್ತೆ ಊದುಗೊಳವೆ ಹೊರಬರುತ್ತದೆ.