ನಂಬಿ ಪ್ರಾರ್ಥಿಸಿದ ಮನೆಗೂ ಸಾವು ಬಂದರೆ, ದೇವರು ಕಾಪಾಡುತ್ತಾನೆ ಅನ್ನುವುದರ ಅರ್ಥವೇನು?

ಸಹೋದರಿ, ನಿಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಮನೆಯವರೆಲ್ಲ ಸೇರಿ 91ನೇ ಕೀರ್ತನೆ ಓದಿ ಪ್ರಾರ್ಥಿಸಿದಿರಿ, ಉಪವಾಸ ಇದ್ದಿರಿ, ಆದರೂ ಅವರು ಉಳಿಯಲಿಲ್ಲ ಎಂದು ಬರೆದಿದ್ದೀರಿ. ಅದಾದ ಮೇಲೆ ನಿಮ್ಮ ಸಭೆಯಲ್ಲೇ ಒಬ್ಬರು ಅಪಘಾತದಿಂದ ಪಾರಾದ ಸಾಕ್ಷಿ ಹೇಳಿ, ‘ನಂಬಿದವರಿಗೆ ದೇವರು ಏನೂ ಆಗಗೊಡುವುದಿಲ್ಲ’ ಅಂದರಂತೆ. ಹಾಗಾದರೆ ನಮ್ಮ ನಂಬಿಕೆಯಲ್ಲಿ ಕೊರತೆ ಇತ್ತೇ, ದೇವರು ಕಾಪಾಡುತ್ತಾನೆ ಅನ್ನುವುದಕ್ಕೆ ಏನರ್ಥ ಎಂಬುದು ನಿಮ್ಮ ಪ್ರಶ್ನೆ. ನಾನು ಪಾಸ್ಟರ್ ಅಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಅಕ್ಕನನ್ನು ಕ್ಯಾನ್ಸರಿನಲ್ಲಿ ಕಳೆದುಕೊಂಡ ತಮ್ಮ. ಬೈಬಲನ್ನು ಇದೇ ಪ್ರಶ್ನೆ ಹಿಡಿದು ಓದಿದ್ದೇನೆ, ಆ ಓದಿನಲ್ಲಿ ಸಿಕ್ಕದ್ದನ್ನು ಹೇಳುತ್ತೇನೆ.

ನಂಬಿಕೆಯ ಕೊರತೆ ಅನ್ನುವ ಮಾತನ್ನು ಮೊದಲು ಎದೆಯ ಮೇಲಿಂದ ಇಳಿಸಿಬಿಡಿ. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಯಾರು ಪಾಪ ಮಾಡಿದ್ದು, ಇವನೋ ಇವನ ತಂದೆತಾಯಿಯೋ ಎಂದು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದನು. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರಾಗಿರಲಿಲ್ಲ ಎಂದೂ ಆತನೇ ಹೇಳಿದ್ದಾನೆ. ತಪ್ಪಿಲ್ಲದೆಯೂ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಕಥೆಯೂ ಬೈಬಲಿನಲ್ಲಿದೆ. ಅವನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅಲ್ಲಿಯವರೆಗೆ ಅವರು ನಿಜವಾದ ಸ್ನೇಹಿತರೇ. ಬಾಯಿ ತೆರೆದು, ನಿನ್ನಲ್ಲೇ ಏನೋ ತಪ್ಪಿರಬೇಕು ಎಂದು ಲೆಕ್ಕ ಹಾಕತೊಡಗಿದ ಮೇಲೆ ಕೆಟ್ಟರು. ಪುಸ್ತಕದ ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಅವರ ಮೇಲೆ. ದೇವರನ್ನೇ ಪ್ರಶ್ನೆ ಮಾಡಿದ ಯೋಬನ ಬಗ್ಗೆ, ಇವನು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ ಎಂದನು.

ಇನ್ನು ಕಾಪಾಡುವಿಕೆಯ ವಿಷಯ. ಇದಕ್ಕೆ ನಾನು ಕೀರ್ತನೆಗಳಿಗಿಂತ ಮೊದಲು ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯಕ್ಕೆ ಹೋಗುತ್ತೇನೆ. ಅರಸ ಹೆರೋದ ಅಗ್ರಿಪ್ಪನು ಯೇಸುವಿನ ಶಿಷ್ಯ ಪೇತ್ರನನ್ನು ಹಿಡಿದು ಸೆರೆಯಲ್ಲಿಟ್ಟಿದ್ದಾನೆ. ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ತಂಡ ಕಾವಲಿಗಿದೆ. ಇಬ್ಬರು ಸಿಪಾಯಿಗಳ ನಡುವೆ ಸರಪಳಿ ಕಟ್ಟಿಸಿಕೊಂಡು ಪೇತ್ರ ನಿದ್ದೆ ಮಾಡುತ್ತಿದ್ದಾನೆ. ದೇವದೂತ ಬಂದು ಪಕ್ಕೆ ತಟ್ಟಿ ಎಬ್ಬಿಸುತ್ತಾನೆ, ಸರಪಳಿ ಕಳಚಿ ಬೀಳುತ್ತವೆ, ಕಬ್ಬಿಣದ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಸಭೆಯವರು ಪ್ರಾರ್ಥಿಸುತ್ತಿದ್ದ ಮನೆಯ ಕದವನ್ನು ಅವನು ತಟ್ಟಿದರೆ, ರೋದೆ ಎಂಬ ಹುಡುಗಿ ದನಿ ಗುರುತಿಸಿ ಸಂತೋಷದಲ್ಲಿ ಕದ ತೆಗೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಎಂಥ ಸಾಕ್ಷಿ! ಭಾನುವಾರದ ಶಾಲೆಯಿಂದಲೂ ಕೇಳಿಕೊಂಡು ಬಂದಿದ್ದೇವೆ.

ಆದರೆ ಅದೇ ಅಧ್ಯಾಯದ ಎರಡನೇ ವಚನ ನೋಡಿ. ಹೆರೋದನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದನು. ಅಷ್ಟೇ, ಒಂದೇ ವಾಕ್ಯ. ದೇವದೂತನಿಲ್ಲ, ತೆರೆದ ಬಾಗಿಲಿಲ್ಲ. ಪೇತ್ರ, ಯಾಕೋಬ, ಯೋಹಾನ ಮೂವರೂ ಒಟ್ಟಿಗೆ ಮೀನು ಹಿಡಿಯುತ್ತಿದ್ದ ಪಾಲುಗಾರರು. ಯಾಯಿರನ ಮಗಳು ಜೀವ ತಳೆದು ಎದ್ದಾಗ ಆ ಕೋಣೆಯೊಳಗೆ ಇದ್ದವರು. ಬೆಟ್ಟದ ಮೇಲೆ ಯೇಸುವಿನ ಮಹಿಮೆ ಕಂಡವರು. ಅದೇ ಸಭೆ, ಅದೇ ಅರಸ, ಅದೇ ದೇವರು. ಒಬ್ಬ ಸತ್ತ, ಒಬ್ಬ ಬದುಕಿದ. ಯಾಕೋಬನಿಗಾಗಿ ಸಭೆ ಪ್ರಾರ್ಥಿಸಲಿಲ್ಲ, ಪೇತ್ರನ ಹೊತ್ತಿಗೆ ಎಚ್ಚೆತ್ತುಕೊಂಡಿತು ಎಂದು ಕೆಲವರು ಪ್ರಸಂಗ ಮಾಡುವುದನ್ನು ಕೇಳಿದ್ದೇನೆ. ಆ ಪುಸ್ತಕ ಬರೆದ ಲೂಕನು ಹಾಗೆಲ್ಲೂ ಬರೆದಿಲ್ಲ. ಯಾಕೋಬನ ಸಾವಿಗೆ ಅವನು ಕಾರಣವನ್ನೇ ಕೊಡುವುದಿಲ್ಲ, ಯಾರ ತಲೆಗೂ ಕಟ್ಟುವುದಿಲ್ಲ. ಬರೆಯದೆ ಬಿಟ್ಟದ್ದನ್ನು ನಾವು ತುಂಬಿಸಲು ಹೋದರೆ ಆ ರಾತ್ರಿಯ ಸಭೆಯಲ್ಲಿದ್ದ ದುಃಖಿತರ ಮೇಲೆ ಇನ್ನೊಂದು ಕಲ್ಲು ಹೊರಿಸಿದಂತೆ.

ಯಾಕೋಬನ ತಾಯಿಯ ನೆನಪು ನನ್ನನ್ನು ಬಿಡುವುದಿಲ್ಲ. ನನ್ನ ಇಬ್ಬರು ಮಕ್ಕಳು ನಿನ್ನ ರಾಜ್ಯದಲ್ಲಿ ನಿನ್ನ ಬಲಕ್ಕೊಬ್ಬ ಎಡಕ್ಕೊಬ್ಬ ಕೂರಲಿ ಎಂದು ಯೇಸುವಿನ ಮುಂದೆ ಅಡ್ಡಬಿದ್ದು ಬೇಡಿಕೊಂಡವಳು ಅವಳೇ. ನಾನು ಕುಡಿಯುವ ಪಾತ್ರೆಯಲ್ಲಿ ಕುಡಿಯಬಲ್ಲಿರಾ ಎಂದು ಯೇಸು ಕೇಳಿದನು, ಕುಡಿಯಬಲ್ಲೆವು ಎಂದರು ಮಕ್ಕಳು. ಪಾತ್ರೆ ಅಂದರೆ ಆತನು ಅನುಭವಿಸಬೇಕಿದ್ದ ಸಂಕಟ. ಪೇತ್ರ ಬಿಡುಗಡೆಯಾದ ದಿನ ಆ ತಾಯಿ ಎಲ್ಲಿದ್ದಳೆಂದು ಬೈಬಲ್ ಹೇಳುವುದಿಲ್ಲ. ಇದ್ದಿದ್ದರೆ, ಪೇತ್ರ ಬಾಗಿಲಲ್ಲಿ ನಿಂತಿದ್ದಾನೆ ಎಂದು ಎಲ್ಲರೂ ಕುಣಿದಾಡುವಾಗ ಅವಳ ಹೊಟ್ಟೆಯಲ್ಲಿ ಏನಾಗಿರಬಹುದು ಎಂಬುದು ನಿಮಗೆ ಗೊತ್ತು. ಆ ಸಾಕ್ಷಿ ಕೇಳುತ್ತ ನೀವು ಕೂತಿದ್ದ ಜಾಗ ಅದೇ.

ಯಾಕೋಬನ ವಿಷಯದಲ್ಲಿ ಇನ್ನೊಂದು ಮಾತಿದೆ, ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಗಂಟು ಸಡಿಲವಾದದ್ದು ಅಲ್ಲೇ. ಯೇಸು ಹಿಡಿಯಲ್ಪಡುವ ಮುಂಚೆ ಮಾಡಿದ ಪ್ರಾರ್ಥನೆ ಯೋಹಾನ 17ರಲ್ಲಿದೆ. ಅಲ್ಲಿ ಆತನು ಕೇಳಿದ್ದೇ ಕಾಪಾಡುವಿಕೆಯನ್ನು. ನೀನು ನನಗೆ ಕೊಟ್ಟವರನ್ನು ನಾನು ಕಾಯ್ದೆ, ಇವರನ್ನು ಲೋಕದಿಂದ ತೆಗೆದುಬಿಡು ಎಂದು ಕೇಳುವುದಿಲ್ಲ, ಕೆಡುಕನಿಂದ ತಪ್ಪಿಸಿ ಕಾಪಾಡು ಎನ್ನುತ್ತಾನೆ. ಈ ಪ್ರಾರ್ಥನೆ ಕೇಳಿಸಿಕೊಂಡ ಶಿಷ್ಯರಲ್ಲಿ ಯಾಕೋಬನೂ ಒಬ್ಬ. ಸುಮಾರು ಹತ್ತು ವರ್ಷಗಳಲ್ಲಿ ಅವನ ಮೇಲೆ ಕತ್ತಿ ಬಿತ್ತು. ಹಾಗಾದರೆ ಯೇಸುವಿನ ಪ್ರಾರ್ಥನೆಯೇ ಬಿದ್ದುಹೋಯಿತೇ? ಹಾಗೆ ಹೇಳುವ ಕ್ರೈಸ್ತರು ಯಾರೂ ಇಲ್ಲ. ಅದೇ ಪ್ರಾರ್ಥನೆಯಲ್ಲಿ ಒಬ್ಬನು ಮಾತ್ರ ನಾಶವಾದನು ಎಂದೂ ಯೇಸು ಹೇಳುತ್ತಾನೆ. ಅದು ಆತನನ್ನು ಹಿಡಿದುಕೊಟ್ಟ ಶಿಷ್ಯ ಯೂದ. ಆ ಹೊತ್ತಿನಲ್ಲಿ ಯೂದನ ಮೈಗೆ ಒಂದು ಗಾಯವೂ ಆಗಿರಲಿಲ್ಲ. ಊಟದ ಮೇಜಿನಿಂದ ಎದ್ದು ತನ್ನ ಕಾಲ ಮೇಲೆ ನಡೆದುಕೊಂಡೇ ಹೊರಗೆ ಹೋಗಿದ್ದ, ಬೆಳ್ಳಿ ನಾಣ್ಯಗಳ ಮಾತು ಮುಗಿದಿತ್ತು. ಯೇಸುವಿನ ಲೆಕ್ಕದಲ್ಲಿ ಕಳೆದುಹೋದವನು ಅವನು, ಕಾಯಲ್ಪಟ್ಟವನು ಮುಂದೆ ಕತ್ತಿಗೆ ಬಲಿಯಾಗಲಿದ್ದ ಯಾಕೋಬ.

ನಿಮ್ಮ ಯಜಮಾನರು ಕೊನೆಯ ದಿನಗಳಲ್ಲೂ ಪ್ರಾರ್ಥನೆಗೆ ‘ಆಮೆನ್’ ಅನ್ನುತ್ತಿದ್ದರು ಎಂದು ಬರೆದಿದ್ದೀರಲ್ಲ, ಅದನ್ನು ಓದಿದಾಗ ನನಗೆ ಈ ಅಧ್ಯಾಯ ನೆನಪಾಯಿತು. ಅವರನ್ನು ದೇವರು ಕಾಪಾಡಲಿಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಇದರಿಂದ ದೇಹದ ರಕ್ಷಣೆ ದೇವರಿಗೆ ಲೆಕ್ಕಕ್ಕಿಲ್ಲ ಎಂದು ತಿಳಿಯಬೇಡಿ. ತೋಟದಲ್ಲಿ ಸಿಪಾಯಿಗಳು ಬಂದಾಗ ಯೇಸು, ನನ್ನನ್ನು ಹುಡುಕುತ್ತಿದ್ದರೆ ಇವರನ್ನು ಬಿಡಿ ಎಂದು ಶಿಷ್ಯರನ್ನು ಪಾರು ಮಾಡಿದನು. ನೀನು ಕೊಟ್ಟವರಲ್ಲಿ ಒಬ್ಬನನ್ನೂ ಕಳೆದುಕೊಳ್ಳಲಿಲ್ಲ ಎಂಬ ಮಾತು ಅದರಿಂದ ನೆರವೇರಿತು ಎಂದು ಯೋಹಾನನೇ ಬರೆಯುತ್ತಾನೆ. ಆತನು ದೇಹವನ್ನೂ ಕಾಯುತ್ತಾನೆ, ಎಷ್ಟೋ ಸಲ ಕಾಯ್ದಿದ್ದಾನೆ. ಅಪಘಾತದಿಂದ ಪಾರಾದ ಆ ಸಹೋದರರು ಸ್ತೋತ್ರ ಹೇಳಿದ್ದು ತಪ್ಪಲ್ಲ. ತನಗಾದದ್ದನ್ನು ನಂಬಿದವರೆಲ್ಲರಿಗೂ ನಿಯಮ ಮಾಡಿಬಿಟ್ಟರಲ್ಲ, ತಪ್ಪಿದ್ದು ಅಲ್ಲಿ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ನಂಬಿಕೆಯಿಂದಲೇ ಸಿಂಹಗಳ ಬಾಯಿ ಮುಚ್ಚಿಸಿದವರಿದ್ದಾರೆ, ಕತ್ತಿಯ ಬಾಯಿಂದ ತಪ್ಪಿಸಿಕೊಂಡವರಿದ್ದಾರೆ. ಕೆಲವೇ ಸಾಲು ಕೆಳಗೆ ಗರಗಸದಿಂದ ಕೊಯ್ಯಲ್ಪಟ್ಟವರು, ಕತ್ತಿಯಿಂದ ಸತ್ತವರು ಇದ್ದಾರೆ. ಎರಡು ಗುಂಪಿನವರ ನಂಬಿಕೆಗೂ ಒಂದೇ ಸಾಕ್ಷಿ ಕೊಟ್ಟಿದೆ ಆ ಪತ್ರ.

91ನೇ ಕೀರ್ತನೆಯ ಬಗ್ಗೆ ಕೇಳಿದ್ದೀರಿ. ಪಕ್ಕದಲ್ಲಿ ಸಾವಿರ ಮಂದಿ ಬಿದ್ದರೂ ನಿನಗೇನೂ ತಟ್ಟದು ಅನ್ನುತ್ತದೆ ಅದು. ಆ ಮಾತನ್ನು ನಾನು ತೆಳುಮಾಡಲು ಹೋಗುವುದಿಲ್ಲ. ಆದರೆ ಅದೇ ಕೀರ್ತನೆಯನ್ನು ಯೇಸುವಿನ ಮುಂದೆ ಬಾಯಿಪಾಠ ಹೇಳಿದವನು ಸೈತಾನ. ದೇವಾಲಯದ ಶಿಖರದಿಂದ ಹಾರು, ದೂತರು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ ಅಂದ. ಯೇಸು ಹಾರಲಿಲ್ಲ. ಮುಂದೆ, ಹಿಡಿಯಲ್ಪಟ್ಟ ರಾತ್ರಿ ಗೆತ್ಸೇಮನೆ ತೋಟದಲ್ಲಿ ದೂತನೊಬ್ಬ ನಿಜವಾಗಿಯೂ ಬಂದನು, ಬಲ ಕೊಟ್ಟನು. ಪಾತ್ರೆಯನ್ನು ಮಾತ್ರ ತೆಗೆದುಕೊಂಡು ಹೋಗಲಿಲ್ಲ. ಆ ಕೀರ್ತನೆಯ ಕೊನೆಯಲ್ಲಿ ದೇವರೇ ಮಾತಾಡುವ ಸಾಲುಗಳಿವೆ, ಇಕ್ಕಟ್ಟಿನಲ್ಲಿ ಅವನ ಜೊತೆ ಇರುವೆನು ಅನ್ನುತ್ತಾನೆ. ಇಕ್ಕಟ್ಟು ಬರುತ್ತದೆ ಎಂದು ಕೀರ್ತನೆಯೇ ಒಪ್ಪಿಕೊಂಡಿದೆ. ಇನ್ನು ಅದೇ ಪುಸ್ತಕದಲ್ಲಿ 88ನೇ ಕೀರ್ತನೆಯೂ ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರದ ಸಾಲೂ ಇಲ್ಲ. ಅದನ್ನೂ ದೇವರ ವಾಕ್ಯವೆಂದೇ ಓದುತ್ತೇವೆ. ಅಕ್ಕ ಹೋದ ಮೇಲೆ ನಾನು ತಿಂಗಳುಗಟ್ಟಲೆ ಓದಿದ್ದು ಅದನ್ನೇ.

ಗುಬ್ಬಿಗಳ ಮಾತನ್ನೂ ಒಮ್ಮೆ ನಿಧಾನವಾಗಿ ಓದಿ. ನಿಮ್ಮ ತಂದೆಯನ್ನು ಬಿಟ್ಟು ಒಂದು ಗುಬ್ಬಿಯೂ ನೆಲಕ್ಕೆ ಬೀಳದು ಎಂದಿದೆ. ಗುಬ್ಬಿ ಬೀಳುವುದೇ ಇಲ್ಲ ಎಂದಿಲ್ಲ. ಲೂಕ 21ರಲ್ಲಂತೂ ಯೇಸು, ನಿಮ್ಮಲ್ಲಿ ಕೆಲವರನ್ನು ಕೊಲ್ಲಿಸುವರು ಎಂದು ಹೇಳಿ, ಎರಡು ವಚನ ದಾಟುವಷ್ಟರಲ್ಲಿ ನಿಮ್ಮ ತಲೆಯ ಒಂದು ಕೂದಲೂ ನಾಶವಾಗದು ಎನ್ನುತ್ತಾನೆ. ಈ ಎರಡೂ ಮಾತು ಒಟ್ಟಿಗೆ ನಿಜವಾಗಬೇಕಾದರೆ ಸತ್ತವರು ಎದ್ದು ಬರಲೇಬೇಕು. ಕ್ರೈಸ್ತ ನಂಬಿಕೆಯಲ್ಲಿ ಕಾಪಾಡುವಿಕೆ ಅನ್ನುವುದು ಪುನರುತ್ಥಾನದ ಮೇಲೆ ನಿಂತಿದೆ. ಅದನ್ನು ತೆಗೆದುಬಿಟ್ಟರೆ ನಮ್ಮ ಬಳಿ ಉಳಿಯುವುದು ಅಪಘಾತದಿಂದ ಪಾರಾದವರ ಪಟ್ಟಿ ಮಾತ್ರ, ಅವರೂ ಒಂದು ದಿನ ಸಾಯುವವರೇ. ಪೇತ್ರನೂ ಕೊನೆಗೆ ಚಕ್ರವರ್ತಿ ನೀರೋನ ಕಾಲದಲ್ಲಿ ರೋಮಿನಲ್ಲಿ ಕೊಲ್ಲಲ್ಪಟ್ಟನೆಂದೇ ಸಭೆಯ ಪರಂಪರೆ ಹೇಳುತ್ತದೆ.

ನಿಮ್ಮ ಪ್ರಶ್ನೆ ಹೊಸದಲ್ಲ. 3ನೇ ಶತಮಾನದ ನಡುವಿನಲ್ಲಿ ರೋಮ್ ಸಾಮ್ರಾಜ್ಯದಲ್ಲಿ ದೊಡ್ಡ ಮಾರಿ ಹರಡಿದಾಗ ಉತ್ತರ ಆಫ್ರಿಕದ ಕಾರ್ಥೇಜಿನ ಸಭೆಯವರು ಇದನ್ನೇ ಕೇಳಿದರು. ಈ ರೋಗ ಅನ್ಯರಿಗೆ ತಗಲುವ ಹಾಗೆಯೇ ನಮಗೂ ತಗಲುತ್ತಿದೆಯಲ್ಲ ಎಂದು ಕೆಲವರ ಮನಸ್ಸು ಕದಡಿತು. ಅವರ ಬಿಷಪ್ ಸಿಪ್ರಿಯಾನ್ ಉತ್ತರ ಬರೆದನು. ಈ ಲೋಕದಲ್ಲಿರುವಷ್ಟು ಕಾಲ ದೇಹದ ಕಷ್ಟ ಎಲ್ಲ ಮನುಷ್ಯರಿಗೂ ಸಮಾನ, ಕ್ಷಾಮ ಬಂದಾಗ ಯಾರನ್ನೂ ಆರಿಸಿ ಬಿಡುವುದಿಲ್ಲ ಎಂಬುದು ಅದರ ಸಾರ. ಅಷ್ಟು ಬರೆದು ಸುಮ್ಮನೆ ಕೂರಲಿಲ್ಲ. ರೋಗಿಗಳ ಆರೈಕೆಗೆ ಸಭೆಯನ್ನು ಎಬ್ಬಿಸಿದ, ತಮ್ಮವರಲ್ಲದವರನ್ನೂ ನೋಡಿಕೊಳ್ಳಿ ಎಂದ. ಅವನೂ 258ರಲ್ಲಿ ನಂಬಿಕೆಗಾಗಿ ತಲೆ ಕೊಟ್ಟನು. ಅವನು ಬರೆದದ್ದೆಲ್ಲ ನನಗೆ ಒಪ್ಪಿಗೆಯಲ್ಲ. ಸತ್ತವರಿಗಾಗಿ ಹೆಚ್ಚು ದುಃಖಪಡಬಾರದು ಅನ್ನುವ ಅವನ ಬುದ್ಧಿಮಾತು ನನಗೆ ಗಡಸಾಗಿ ಕೇಳುತ್ತದೆ.

ಏಕೆಂದರೆ ಯೇಸು ಅತ್ತನು. ಲಾಜರನನ್ನು ಇನ್ನೇನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತನು. ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಮಾರ್ಥಳೂ ಹೇಳಿದಳು, ಮರಿಯಳೂ ಹೇಳಿದಳು. ಅದು ದೂರೇ. ಆತನು ಇಬ್ಬರನ್ನೂ ಗದರಲಿಲ್ಲ. ಅಕ್ಕನನ್ನು ಮಣ್ಣು ಮಾಡಿದ ದಿನ ನನಗೆ ಬಂದ ಸಮಾಧಾನದ ಮಾತುಗಳು ಇದಕ್ಕೆ ತದ್ವಿರುದ್ಧ. ದೇವರಿಗೆ ಅವಳು ಬೇಕಾಗಿದ್ದಳು, ಎಲ್ಲ ಒಳ್ಳೆಯದಕ್ಕೇ, ಅಳಬೇಡ, ಸಾಕ್ಷಿ ಕೆಡುತ್ತದೆ. ಹೇಳಿದವರು ಪ್ರೀತಿಯಿಂದಲೇ ಹೇಳಿದರು, ಆದರೆ ಅವು ನನ್ನನ್ನು ಪ್ರಾರ್ಥನೆಯಿಂದ ದೂರ ತಳ್ಳಿದವು. ಪೌಲನು ಮರಣವನ್ನು ಕೊನೆಯ ಶತ್ರು ಎಂದು ಕರೆದಿದ್ದಾನೆ. ಶತ್ರುವನ್ನು ಉಡುಗೊರೆ ಎಂದು ಕರೆಯಬೇಕಾದ ಹಂಗು ನಮಗಿಲ್ಲ. ಅವನು ರೋಮಾಪುರದವರಿಗೆ ಬರೆಯುವಾಗ ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದವುಗಳನ್ನು ಎಣಿಸಿದ್ದಾನೆ: ಕಷ್ಟ, ಸಂಕಟ, ಹಿಂಸೆ, ಕ್ಷಾಮ, ಮೈಮೇಲೆ ಬಟ್ಟೆಯಿಲ್ಲದಿರುವುದು, ಗಂಡಾಂತರ, ಕತ್ತಿ. ಅವನ ತಲೆ ತೆಗೆದದ್ದೂ ಕತ್ತಿಯೇ ಎನ್ನುತ್ತದೆ ಪರಂಪರೆ. ಅಗಲಿಸಲಾರವು ಎಂದಷ್ಟೇ ಬರೆದ, ನೋಯಿಸಲಾರವು ಎಂದು ಬರೆಯಲಿಲ್ಲ.

ಕೊನೆಯಲ್ಲಿ ನೀವು ಒಂದು ಸಾಲು ಸೇರಿಸಿದ್ದೀರಿ, ‘ಮಕ್ಕಳಿಗಾಗಿ ಕಾಪಾಡು ಎಂದು ಕೇಳಲು ಈಗ ಭಯವಾಗುತ್ತದೆ.’ ಕೇಳಿ, ಸಹೋದರಿ. ಯೇಸುವೇ ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಕೇಳಿದ್ದಾನೆ. ಪೌಲನು ಮೈಯಲ್ಲಿದ್ದ ಮುಳ್ಳು ಹೋಗಲಿ ಎಂದು ಮೂರು ಸಲ ಬೇಡಿದ್ದಾನೆ. ಜ್ವರ ಇಳಿಯಲಿ, ದಾರಿಯಲ್ಲಿ ಏನೂ ಆಗದಿರಲಿ ಎಂದು ನೇರವಾಗಿ ಕೇಳಿ. ದಾನಿಯೇಲನ ಪುಸ್ತಕದಲ್ಲಿ ಅರಸನ ಪ್ರತಿಮೆಗೆ ಅಡ್ಡಬೀಳದೆ ಬೆಂಕಿಯ ಕುಲುಮೆಯ ಮುಂದೆ ನಿಂತ ಆ ಮೂವರು ಅರಸನಿಗೆ, ನಮ್ಮ ದೇವರು ಬಿಡಿಸಬಲ್ಲನು, ಬಿಡಿಸದಿದ್ದರೂ ನಿನ್ನ ಪ್ರತಿಮೆಗೆ ಅಡ್ಡಬೀಳೆವು ಎಂದರು. ಆ ಎರಡನೆಯ ಭಾಗ ನಿಮ್ಮ ಬಾಯಿಗೆ ಇವತ್ತೇ ಬರಬೇಕೆಂದಿಲ್ಲ. ಪ್ರಾರ್ಥನೆಯೇ ಬಾರದ ದಿನ ಸಭೆಯಲ್ಲಿ ನಂಬಿಕಸ್ಥರೊಬ್ಬರಿಗೆ ಹೇಳಿ, ನನ್ನ ಬದಲು ನೀವು ಪ್ರಾರ್ಥಿಸಿ ಎಂದು. ನಿದ್ದೆ ಊಟ ಬಿಟ್ಟುಹೋಗಿದ್ದರೆ ಡಾಕ್ಟರನ್ನೂ ಕಾಣಿ, ಅದು ಅಪನಂಬಿಕೆಯಲ್ಲ. ಮಕ್ಕಳಿಗೆ ಮಾತ್ರ, ದೇವರಿದ್ದಾನೆ, ಏನೂ ಆಗುವುದಿಲ್ಲ ಎಂದು ಹೇಳಬೇಡಿ. ಅಪ್ಪನ ವಿಷಯದಲ್ಲಿ ಏನಾಯಿತೆಂದು ಅವರು ಕಣ್ಣಾರೆ ನೋಡಿದ್ದಾರೆ. ಏನೇ ಆದರೂ ಯೇಸು ನಮ್ಮನ್ನು ಬಿಟ್ಟುಹೋಗುವುದಿಲ್ಲ, ಅಪ್ಪನನ್ನೂ ಬಿಟ್ಟಿಲ್ಲ ಎಂದು ಹೇಳಿ. ರಾತ್ರಿ ಮಲಗುವ ಮುಂಚೆ 121ನೇ ಕೀರ್ತನೆ ಓದಿಸಿ. ಎಂಟೇ ವಚನ, ಚಿಕ್ಕವರಿಗೂ ಬೇಗ ಬಾಯಿಪಾಠ ಬರುತ್ತದೆ.